ಅಲುಗಾಡದ ಮೈಲಾರಿ, ಅಲುಗಾಡಿದ ಅಖಾಡ

ತಾರಿಹಾಳದ ಕೈಗಾರಿಕಾ ವಸಾಹತಿನ ಮೂರನೇ ಸಾಲಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಮೈಲಾರಿ ಕೂತದ್ದನ್ನು ಕಂಡವರು, ಹುಬ್ಬಳ್ಳಿ ಧಾರವಾಡ ಎರಡೂ ಊರು ಜರಡಿ ಹಿಡಿದರೂ ಮೂರು ಮಂದಿ ಸಿಗುತ್ತಿರಲಿಲ್ಲ. ಸಿಕ್ಕ ಒಬ್ಬಿಬ್ಬರಲ್ಲಿ ಒಬ್ಬಳು ಅವನ ಹೆಂಡತಿ ರೇಣವ್ವ. ಅವಳು ಕಂಡದ್ದೂ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಐದು ನಿಮಿಷ ಮಾತ್ರ. ಆಗಲೂ ಅವನ ಬಲಗಾಲು ಕುಣಿಯುತ್ತಲೇ ಇತ್ತು, ಗಾಳಿಯಿಲ್ಲದ ಹಂದರದಲ್ಲಿ ತೋರಣ ತೂಗಾಡಿತು, ಭಟ್ಟರು ಒಂದು ಮಂತ್ರ ಹಾರಿಸಿದರು. ಚಹಾ ನಿಂತು ಕುಡಿಯುವುದು, ಊಟ ಅಡ್ಡಾಡುತ್ತ ಮಾಡುವುದು. ನಿದ್ದೆಗೆ ಮಾತ್ರ ಮಲಗುತ್ತಿದ್ದ. ಆದರೆ ಪಡಸಾಲೆಯಲ್ಲಿ ಮಲಗಿದವನು ಬೆಳಗಾದರೆ ಅಡುಗೆಮನೆಯ ಹೊಸ್ತಿಲಲ್ಲಿ ಸಿಗುತ್ತಿದ್ದ.

ಇಂಥ ಮನುಷ್ಯ ಮಾಡಿದ ಸಾಮಾನು ಮಾತ್ರ ಭೂಮಿ ನಡುಗಿದರೂ ನಡುಗುತ್ತಿರಲಿಲ್ಲ. ಶೆಡ್ಡಿನ ಫಲಕದ ಮೇಲೆ ಅವನ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಒಂದೇ ಶಬ್ದ: ‘ಅಲುಗಾಡುವುದಿಲ್ಲ’. ಗೋಕುಲ ರಸ್ತೆಯ ಒಂದು ಮನೆಗೆ ಅವನು ಮಾಡಿಕೊಟ್ಟ ಗೇಟಿಗೆ ಕಲ್ಲು ತುಂಬಿದ ಲಾರಿ ಗುದ್ದಿತ್ತು. ಲಾರಿಯ ಮೂತಿ ಒಳಗೆ ಹೋಯಿತು, ಕಂಪೌಂಡ್ ಗೋಡೆ ಎರಡೂ ಕಡೆ ಮಲಗಿತು. ಗೇಟು ಮಾತ್ರ ಬಯಲಲ್ಲಿ ಒಂದೇ ನಿಂತಿತ್ತು. ಮನೆಯವರು ಗೋಡೆ ಕಟ್ಟಿಸುವ ತನಕ ಆರು ತಿಂಗಳು ಅದಕ್ಕೆ ಕೀಲಿ ಹಾಕಿಕೊಂಡು ಸಮಾಧಾನದಿಂದ ಇದ್ದರು.

ಈ ಕಸಬನ್ನು ಮೈಲಾರಿ ಕಲಿತದ್ದು ಹಳೇ ಹುಬ್ಬಳ್ಳಿಯಲ್ಲಿ ಲಾರಿ ಬಾಡಿ ಕಟ್ಟುತ್ತಿದ್ದ ಶರೀಫಸಾಬರ ಹತ್ತಿರ. ಮುದುಕ ಬಯ್ಯುತ್ತಿದ್ದ ಪರಿಗೆ ಕಬ್ಬಿಣ ಬೆಂಕಿಯಿಲ್ಲದೇ ಕೆಂಪಾಗುತ್ತಿತ್ತು. ಆತ ಕಲಿಸಿದ್ದರಲ್ಲಿ ಗಟ್ಟಿ ಮಾಡುವ ವಿದ್ಯೆಯೊಂದನ್ನೇ ಮೈಲಾರಿ ಹಿಡಿದುಕೊಂಡ. ಉಳಿದದ್ದು ಇನ್ನೊಂದು ಕಿವಿಯಿಂದ ಹೊರಗೆ ಹೋಗಿತ್ತು.

ತೊಂಬತ್ತರ ದಶಕದಲ್ಲಿ ಕೇಬಲ್ ತಾರಿಹಾಳಕ್ಕೂ ಬಂತು. ಅದರ ಜೊತೆ ಅಮೆರಿಕಾದ ಕುಸ್ತಿಯೂ ಬಂತು. ಮನೆಯಲ್ಲಿ ಅದರ ಹುಚ್ಚು ಹತ್ತಿದ್ದು ಮೈಲಾರಿಗಲ್ಲ, ರೇಣವ್ವನಿಗೆ. ಚೆಂದನ್ನ ಮೈಕಟ್ಟಿನವರು ಅವಳಿಗೆ ಬೇಡ. ಆನೆಯಂಥ ದೇಹದವರು ಬಂದರೆ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಕೂಡುತ್ತಿದ್ದಳು. ಜಗತ್ತಿನ ಮಹಾಭಾರದ ಕುಸ್ತಿಪಟುಗಳನ್ನೆಲ್ಲ ಅವಳು ತನ್ನದೇ ತಕ್ಕಡಿಯಲ್ಲಿ ತೂಗಿ ಇಟ್ಟಿದ್ದಳು: ಅವನ ತಾಯಿ ಒಂದು ಹೊತ್ತಿಗೆ ಎಷ್ಟು ರೊಟ್ಟಿ ಬಡಿದಿರಬೇಕು? ಏಳು ಅಡಿಯ ಮೇಲಿದ್ದ ಆಂಡ್ರೆ ದಿ ಜೈಂಟ್ ನಲವತ್ತು ರೊಟ್ಟಿಯವ. ಯೊಕೊಝುನಾ ಅರವತ್ತು ರೊಟ್ಟಿಯವ, ಮೇಲೆ ಒಂದು ಗಡಿಗೆ ಮಜ್ಜಿಗೆ. ಆ ಯೊಕೊಝುನಾ ಜಪಾನಿನವನೆಂದು ಟಿವಿಯವರು ಹೇಳುತ್ತಿದ್ದರು. ಅಸಲಿಗೆ ಆತ ಸಮೋವಾ ಮೂಲದ ಅಮೆರಿಕದವ ಎಂದು ಯಾರೋ ಹೇಳಿದಾಗಲೂ ರೇಣವ್ವ ಕದಲಲಿಲ್ಲ. “ಎಲ್ಲಿಯವನರ ಆಗವಲ್ಲನ್ಯಾಕ, ಹಡದಾಕಿ ಕೈ ನೋವು ಸುಳ್ಳೇನ್ರಿ?” ಅಂದಳು.

ಮೈಲಾರಿ ಅವಳ ಹಿಂದೆ ಅತ್ತಿಂದಿತ್ತ ಅಡ್ಡಾಡುತ್ತ ನೋಡುತ್ತಿದ್ದ. ಅವನ ಕಣ್ಣು ಕುಸ್ತಿ ಮಾಡುವವರ ಮೇಲೆ ಇರುತ್ತಿರಲಿಲ್ಲ. ಅರ್ಥ್‌ಕ್ವೇಕ್ ಎಂಬ ಪರ್ವತ ರಿಂಗಿನಲ್ಲಿ ಧಡಂ ಧಡಂ ಜಿಗಿಯುತ್ತಿದ್ದ, ಕೆಳಗೆ ಬಿದ್ದವನ ಎದೆಯ ಮೇಲೆ ಕೂಡುವ ಮುಂಚೆ. ಆಗ ರಿಂಗು ಪೂರಾ ತೊಟ್ಟಿಲಿನಂತೆ ತೂಗುತ್ತಿತ್ತು. ಮೈಲಾರಿಗೆ ಮೈ ಉರಿಯುತ್ತಿತ್ತು.

“ನೋಡ ನೋಡ, ನಾಕೂ ಮೂಲಿ ಬಿಟ್ಟಾವು. ಯಾವನೋ ಕಚ್ಚಾ ಬೆಸಿಗಿ ಹಾಕ್ಯಾನ.”

“ಅಲ್ಲೊಬ್ಬ ಸಾಯಾಕತ್ತಾನ, ನಿಮಗ ಬೆಸಿಗಿ ಚಿಂತಿ!”

“ಅಂವ ಸಾಯೂದಿಲ್ಲ. ಆದ್ರ ಆ ರಿಂಗ್ ಮಾಡಿದಾವಗ ನಾಚಿಕಿಯಿಂದರ ಸಾಯಬೇಕಿತ್ತು. ಅಷ್ಟ ದೊಡ್ಡ ದೇಶದಾಗ ಒಬ್ಬ ವೆಲ್ಡರ್ ಇಲ್ಲಲಾ!”

ಹೀಗೆ ಐದಾರು ವರ್ಷ ಅಮೆರಿಕದ ಬೆಸುಗೆಗೆ ಬಯ್ದ ಮೇಲೆ, 1998ರ ಡಿಸೆಂಬರದಲ್ಲಿ ಅಮೆರಿಕವೇ ಹುಬ್ಬಳ್ಳಿಗೆ ಬರುವ ಸುದ್ದಿ ಬಂತು. ಅಂದರೆ ಯಂಕಣ್ಣ ಎಂಬ ಮನುಷ್ಯ ತಂದ. ನಾಟಕ, ಜಾದೂ, ಮೋಟರ್‌ಸೈಕಲ್ ಬಾವಿ ಎಲ್ಲ ಆಡಿಸಿ ಮುಗಿಸಿದ್ದ ಯಂಕಣ್ಣ ನೆಹರು ಮೈದಾನದಲ್ಲಿ ಈ ಸಲ ಟಿವಿಯಂಥದೇ ಕುಸ್ತಿ ಇಟ್ಟಿದ್ದ. ಊರ ಗೋಡೆಯ ತುಂಬ ಪೋಸ್ಟರು: ಕಪ್ಪು ಮುಖವಾಡದ ಒಂದು ದೇಹ, ಕೆಳಗೆ ‘ಟೆಕ್ಸಾಸ್ ಟೈಟನ್, 550 ಪೌಂಡ್’. ಆ ಚಿತ್ರ ಎಷ್ಟು ದಪ್ಪವೆಂದರೆ ಸಣ್ಣ ಓಣಿಗಳಲ್ಲಿ ಒಂದೇ ಪೋಸ್ಟರನ್ನು ಎರಡು ಮನೆಯ ಗೋಡೆಗೆ ಹಂಚಿ ಹಚ್ಚಿದ್ದರು.

ರಿಂಗಿನ ಕೆಲಸಕ್ಕೆ ಯಂಕಣ್ಣ ತಾರಿಹಾಳಕ್ಕೆ ಬಂದಾಗ ಎದುರಿನ ಶೆಡ್ಡಿನ ಗುರುಶಿದ್ದಪ್ಪನೂ ಬಾಗಿಲಿಗೆ ಬಂದು ನಿಂತ. ಗುರುಶಿದ್ದಪ್ಪನೂ ವೆಲ್ಡರೇ. ಇಪ್ಪತ್ತು ವರ್ಷದಿಂದ ಇಬ್ಬರೂ ಎದುರಾಬದುರು ಕಿಡಿ ಹಾರಿಸುತ್ತಿದ್ದರು, ಬಾಯಿಯಿಂದಲೂ ಯಂತ್ರದಿಂದಲೂ. ಯಂಕಣ್ಣ ಫಲಕದ ಕೆಂಪಕ್ಷರ ಓದಿ ಸೀದಾ ಮೈಲಾರಿಯ ಹತ್ತಿರ ಬಂದ.

“ಐನೂರಾ ಐವತ್ತು ಪೌಂಡಿನ ಆಳು ಐತ್ರಿ. ತಡೀತೈತೇನು?”

“ಆಳು ತಡದರ ಸಾಕ್ರಿ,” ಅಂದ ಮೈಲಾರಿ.

ಹದಿನೈದು ದಿವಸ ಅವನು ನೆಲಕ್ಕೆ ಕಾಲು ಹಚ್ಚಲಿಲ್ಲ. ಸೇತುವೆಗೆ ಹಾಕುವಂಥ ಉಕ್ಕಿನ ಚಾನೆಲ್ ತೊಲೆ ತಂದ. ಒಂದೊಂದು ಮೂಲೆಗೆ ಮೂರು ಮೂರು ಸುತ್ತು ಬೆಸುಗೆ. ಮೇಲೆ ಹತ್ತು ಮಿಲಿಮೀಟರಿನ ಉಕ್ಕಿನ ತಗಡು, ಅದರ ಮೇಲೆ ಹಲಗೆ, ಚಾಪೆ. ಕೆಲಸ ಮುಗಿದ ಮೇಲೆ ಅದರ ಮೇಲೆ ಒಂದು ಟ್ರ್ಯಾಕ್ಟರ್ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದ. ರಿಂಗು ಕಣ್ಣು ಮಿಟುಕಿಸಲಿಲ್ಲ. ಗುರುಶಿದ್ದಪ್ಪ ತನ್ನ ಶೆಡ್ಡಿನ ಬಾಗಿಲು ಅರ್ಧ ಮುಚ್ಚಿಕೊಂಡ. ಅಮೆರಿಕಕ್ಕೆ ತಾರಿಹಾಳದಿಂದ ಉತ್ತರ ಹೋಗುವುದೊಂದೇ ಬಾಕಿ ಇತ್ತು.

ಆಟಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಒಂದು ಮೆಟಡೋರ್ ಒಂದೇ ಕಡೆ ವಾಲಿಕೊಂಡು ಬಂದು ಶೆಡ್ಡಿನ ಮುಂದೆ ನಿಂತಿತು. ಹಿಂದಿನ ಬಾಗಿಲಿನಿಂದ ಟೆಕ್ಸಾಸ್ ಟೈಟನ್ ಇಳಿದ. ಗಾಡಿ ಅರ್ಧ ಅಡಿ ಮೇಲೆದ್ದು ಉಸಿರು ಬಿಟ್ಟಿತು. ಮೈಲಾರಿ ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ‘ಗುಡ್ ಆಫ್ಟರ್‌ನೂನ್ ಸರ್’ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಖವಾಡ ಮೇಲೆ ಸರಿಯಿತು.

“ಮದಲ ಒಂದ ಚರಗಿ ನೀರ ಕೊಡ್ರೀ ಅಣ್ಣಾರ. ಇದರಾಗ ಕುಂತ ಕುಂತ ಜೀವಾ ಹೋತು.”

ಟೆಕ್ಸಾಸಿನವನ ಹೆಸರು ಮಕಬೂಲಸಾಬ, ಊರು ವಿಜಾಪುರದ ಕಡೆಯ ಇಂಡಿ. ಹನ್ನೆರಡು ವರ್ಷದಿಂದ ಊರೂರಿಗೆ ಹೋಗಿ ಬೀಳುವುದೇ ಅವನ ಕಸಬು. ಮೈಲಾರಿ ನೀರಿನ ಚರಿಗೆ ತಂದು ಕೊಟ್ಟ. ಶೆಡ್ಡಿನ ಪಕ್ಕದ ಲಾರಿ ತೂಕದ ಕಟ್ಟೆಯ ಮೇಲೆ ಅವನನ್ನು ನಿಲ್ಲಿಸಿ ನೋಡದೇ ಸಮಾಧಾನ ಆಗಲಿಲ್ಲ. ಮುಳ್ಳು ನೂರಾ ಎಪ್ಪತ್ತು ಕಿಲೋ ಅಂದಿತು. ಪೋಸ್ಟರಿನ ಲೆಕ್ಕಕ್ಕೆ ಎಂಬತ್ತು ಕಿಲೋ ಕಡಿಮೆ.

“ಉಳದದ್ದು ಯಂಕಣ್ಣನ ಬಾಯಾಗ ಐತ್ರಿ,” ಅಂದ ಮಕಬೂಲಸಾಬ.

ಆಮೇಲೆ ರಿಂಗು ಹತ್ತಿದ. ನಡುವೆ ನಿಂತು ಒಮ್ಮೆ ಜಿಗಿದ. ಮುಖ ಸಪ್ಪಗಾಯಿತು. ಕೈ ಎರಡೂ ಅಗಲಿಸಿ ಬೆನ್ನ ಮೇಲೆ ಬಿದ್ದ. ಸದ್ದೇ ಬರಲಿಲ್ಲ. ಬಂಡೆಯ ಮೇಲೆ ಜೋಳದ ಚೀಲ ಒಗೆದ ಹಾಗೆ ಧಪ್ಪಂದಿತು, ಅಷ್ಟೇ. ಅವನು ಏಳಲಿಲ್ಲ. ಮೈಲಾರಿ ಸುತ್ತ ಮೂರು ಪ್ರದಕ್ಷಿಣೆ ಹಾಕಿದ ಮೇಲೆ ಒಂದು ಕಣ್ಣು ತೆರೆಯಿತು.

“ರಿಂಗ್ ಮಾಡೀರೋ, ಗೋರಿ ಮಾಡೀರೋ?”

“ಒಂದ ಕೂದಲಾ ಅಲುಗಾಡೂದಿಲ್ಲ ನೋಡ್ರಿ!”

“ಅದಽ ತಪ್ಪಾಗೇತ್ರಿ.” ಮಕಬೂಲಸಾಬ ಮೊಣಕೈ ಊರಿ ಮೆಲ್ಲಗೆ ಎದ್ದು ಕೂತ. ಇಬ್ಬರು ಕೆಲಸದವರನ್ನು ಚಹಾಕ್ಕೆ ಕಳಿಸುವಂತೆ ಕಣ್ಣಲ್ಲೇ ಹೇಳಿದ. ಅವರು ಹೋದ ಮೇಲೆ ದನಿ ತಗ್ಗಿಸಿದ. “ಕೇಳ್ರಿ. ಎತ್ತಿ ಒಗಿಯಾವಗ ಬೀಳಾವ ಸಾಥ್ ಕೊಡತಾನ. ಬೀಳಾವಗ ರಿಂಗ್ ಸಾಥ್ ಕೊಡತೈತಿ. ಅದು ಬಗ್ಗಬೇಕು, ಢಂ ಅಂತ ಒದರಬೇಕು. ಅದು ಒದರಿದ್ರ ಮಂದಿಗೆ ನಾ ಸತ್ತಂಗ ಕೇಳತೈತಿ, ನಾ ಜೀವಂತ ಏಳತೇನಿ. ಹನ್ನೆರಡ ವರ್ಷದಾಗ ಹತ್ತ ಸಾವಿರ ಸಲ ಬಿದ್ದೇನಿ, ಬಿದ್ದಷ್ಟ ಸಲ ಎದ್ದೇನಿ. ನಿಮ್ಮ ರಿಂಗಿನ್ಯಾಗ ಏಳೂದು ಒಂದು ಸಲ ಕಡಿಮಿ ಬೀಳತೈತಿ.”

ಮೈಲಾರಿ ನಿಂತ. ಅವನು ಸುಮ್ಮನೆ ನಿಂತದ್ದು ಅದೇ ಮೊದಲು. ಐದಾರು ವರ್ಷ ಟಿವಿಯಲ್ಲಿ ತಾನು ಬಯ್ದ ಆ ಕಚ್ಚಾ ಬೆಸುಗೆ, ಅದೇ ಪಕ್ಕಾ ಕೆಲಸವಾಗಿತ್ತು.

“ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ,” ಅಂದ ಮಕಬೂಲಸಾಬ. “ನಿಮ್ಮ ಮನ್ಯಾಗೂ. ನಮ್ಮ ಹೊಟ್ಟಿ ಇರೂದಽ ಈ ಗುಟ್ಟಿನ ಮ್ಯಾಲೆ. ಮುಟ್ಟಿ ಹೇಳ್ರಿ.” ಮೈಲಾರಿ ತನ್ನ ವೆಲ್ಡಿಂಗ್ ಹಿಡಿಕೆ ಮುಟ್ಟಿ ಮಾತು ಕೊಟ್ಟ. ಅವನಿಗೆ ಅದಕ್ಕಿಂತ ದೊಡ್ಡ ದೇವರಿರಲಿಲ್ಲ.

ಕೊಟ್ಟ ಮರುಗಳಿಗೆಯಿಂದಲೇ ಒಳಗೆ ಇರುವೆ ಹತ್ತಿದವು. ರಿಂಗು ಹೀಗೇ ಬಿಟ್ಟರೆ ಇವನ ಬೆನ್ನು ಹೋಗುತ್ತದೆ. ಬಗ್ಗುವ ಹಾಗೆ ಮಾಡಿದರೆ ಇಡೀ ಹುಬ್ಬಳ್ಳಿಯ ಕಣ್ಣ ಮುಂದೆ ಮೈಲಾರಿಯ ಕೆಲಸ ಅಲುಗಾಡುತ್ತದೆ. ಯಾಕೆ ಅಲುಗಾಡುತ್ತದೆ ಅಂತ ಬಾಯಿ ಬಿಡುವ ಹಾಗಿಲ್ಲ. ಶೆಡ್ಡಿನಿಂದ ತೂಕದ ಕಟ್ಟೆಗೆ, ಕಟ್ಟೆಯಿಂದ ಶೆಡ್ಡಿಗೆ ಅವನು ಅಡ್ಡಾಡಿದ ದಾರಿಯಲ್ಲಿ ಮುಂದೆ ಮೂರು ಮಳೆಗಾಲ ಹುಲ್ಲು ಹುಟ್ಟಲಿಲ್ಲ. ಅಡ್ಡಾಡುತ್ತಿದ್ದಾಗ ಶರೀಫಸಾಬರ ಬೈಗುಳವೊಂದು ಇಪ್ಪತ್ತು ವರ್ಷ ತಡವಾಗಿ ಕಿವಿಗೆ ಮುಟ್ಟಿತು: “ಗಟ್ಟಿ ಮಾಡಿದಿ ಮಗನಽ, ಆದ್ರ ಪಾಟಾ ಇಲ್ಲದ ಲಾರಿ ಮದಲನೇ ತಗ್ಗಿನ್ಯಾಗ ಎರಡ ತುಂಡ ಆಗತೈತಿ.” ಪಾಟಾ ಅಂದರೆ ಲಾರಿಯ ಗಾಲಿಯ ಮೇಲೆ ಭಾರ ಹೊತ್ತು ಬಗ್ಗುವ ಬಿಲ್ಲಿನಂಥ ಉಕ್ಕಿನ ಪಟ್ಟಿ. ಲಾರಿಗಳ ಊರಾದ ಹುಬ್ಬಳ್ಳಿಯಲ್ಲಿ ಹಳೇ ಪಾಟಾಕ್ಕೇನು ಬರ?

ಮರುದಿನ ಬೆಳಗ್ಗೆ ಮೈಲಾರಿ ಶೆಡ್ಡಿನ ಬಾಗಿಲು ಹಾಕಿಕೊಂಡು ಗ್ಯಾಸ್ ಕಟರ್ ಹಚ್ಚಿದ. ತಾನೇ ಹಾಕಿದ ನಲವತ್ತೆಂಟು ಬೆಸುಗೆಗಳನ್ನು ತಾನೇ ಬಿಚ್ಚಿದ. ಒಂದೊಂದು ಬಿಚ್ಚುವಾಗಲೂ ಹಲ್ಲು ಕೀಳಿಸಿಕೊಂಡವನಂತೆ ದವಡೆ ಹಿಡಿದುಕೊಳ್ಳುತ್ತಿದ್ದ. ಉಕ್ಕಿನ ತಗಡು ಹೋಯಿತು. ಅದರ ಜಾಗದಲ್ಲಿ ಎಂಟು ಲಾರಿ ಪಾಟಾ, ಅವುಗಳ ಮೇಲೆ ಸಡಿಲು ಹಲಗೆ. ಮಕಬೂಲಸಾಬ ನಡುನಡುವೆ ಹತ್ತಿ ಬಿದ್ದು ನೋಡುತ್ತಿದ್ದ, ಸಂಗೀತದವರು ತಂಬೂರಿ ಶ್ರುತಿ ನೋಡಿದ ಹಾಗೆ. “ಇನ್ನೊಂಚೂರು ಇಳಸ್ರಿ… ಹಾಂ, ಈಗ ಛಲೋ ಒದರಾಕತ್ತೈತಿ.”

ಊಟಕ್ಕೆ ಮಕಬೂಲಸಾಬನನ್ನು ಹೊರಗೆ ಕಳಿಸುವಂತಿಲ್ಲ, ಮಂದಿ ಕಂಡರೆ ಟೆಕ್ಸಾಸ್ ಅಲ್ಲಿಗೇ ಮುಗಿಯಿತು. ಮೈಲಾರಿ ಮನೆಗೆ ಓಡಿದ.

“ಇಪ್ಪತ್ತೆರಡು ರೊಟ್ಟಿ ಕಟ್ಟು.”

“ಎಷ್ಟು?” ರೇಣವ್ವನ ಕೈ ಹಂಚಿನ ಮೇಲೇ ನಿಂತಿತು. “ಯಾರಿಗೆ?”

“ಇಬ್ಬರು ಕೆಲಸದವರಿಗೆ.”

ಅವಳು ಅವನ ಮುಖ ನೋಡಿದಳು. ಕುಣಿಯುತ್ತಿದ್ದ ಕಾಲು ನೋಡಿದಳು. ಹಿಟ್ಟು ಇನ್ನಷ್ಟು ಸುರಿದುಕೊಂಡು ರೊಟ್ಟಿ ಬಡಿದಳು.

ಆಟದ ದಿನ ಸಂಜೆ ನೆಹರು ಮೈದಾನದಲ್ಲಿ ಸೇರಿದ ಮಂದಿಯ ಭಾರಕ್ಕೆ ಹುಬ್ಬಳ್ಳಿ ಒಂದು ಬೆರಳು ಕೆಳಗಿಳಿದಿತ್ತು. ತಾರಿಹಾಳದವರೆಲ್ಲ ಮುಂದಿನ ಸಾಲಿನಲ್ಲಿದ್ದರು, ತಮ್ಮ ಮೈಲಾರಿಯ ರಿಂಗು ನೋಡಲಿಕ್ಕೆ. ಮುಖವಾಡದ ಟೈಟನ್ ಬಂದ, ಒದರಿದ, ಬಿದ್ದ. ರಿಂಗು ‘ಢಂ!’ ಅಂದಿತು. ನಾಲ್ಕು ಮೂಲೆಯ ಕಂಬ ತೂಗಿದವು, ಹಗ್ಗ ಕುಣಿದವು, ಮೈದಾನದಾಚೆ ಒಂದು ನಾಯಿ ಮೂರ್ಛೆ ಹೋಯಿತು. ಮಂದಿ ಹುಚ್ಚೆದ್ದು ಕೂಗಿದರು.

ಆ ಕೂಗಿನ ನಡುವೆ ಗುರುಶಿದ್ದಪ್ಪ ಬೆಂಚಿನ ಮೇಲೆ ಹತ್ತಿ ನಿಂತ.

“ಏ ಮೈಲಾರಿ! ಅಲುಗಾಡಾಕತ್ತೈತೋ! ನಿನ್ನ ಬೋರ್ಡ್ ಇಳಸೋ!”

ತಾರಿಹಾಳದ ಮಂದಿಯೆಲ್ಲ ತಿರುಗಿ ಮೈಲಾರಿಯ ಕಡೆ ನೋಡಿದರು. ಅವನು ಬಾಯಿ ತೆರೆದ. ರಿಂಗಿನ ಮೇಲೆ ಮಕಬೂಲಸಾಬ ಬಿದ್ದಲ್ಲಿಂದ ಎರಡನೇ ಸಲ ಎದ್ದದ್ದು ಕಾಣಿಸಿತು. ಮೈಲಾರಿ ಬಾಯಿ ಮುಚ್ಚಿದ. ಟೈಟನ್ ಅವತ್ತು ಹದಿನೇಳು ಸಲ ಬಿದ್ದ, ಹದಿನೇಳು ಸಲ ಎದ್ದ. ಮೈಲಾರಿ ಹೆಬ್ಬೆರಳಿನಿಂದ ಎಣಿಸುತ್ತಿದ್ದ.

ಅಲ್ಲಿಂದ ಮುಂದೆ ಐದು ವರ್ಷ ಅವನ ಹೆಸರು ಪೆಟ್ಟು ತಿಂದಿತು. ಗೇಟು ಮಾಡಿಸಲು ಬಂದವರು ಮೊದಲು ಹಿಡಿದು ಅಲುಗಾಡಿಸಿ ನೋಡುತ್ತಿದ್ದರು. ಫಲಕದ ‘ಅಲುಗಾಡುವುದಿಲ್ಲ’ ಎಂಬುದರ ಮುಂದೆ ಯಾರೋ ಸುಣ್ಣದಿಂದ ‘ಅಂತ ಅಂದುಕೊಂಡಿದ್ದೆವು’ ಎಂದು ಬರೆದರು. ಮೈಲಾರಿ ಅದನ್ನು ಒರೆಸಲಿಲ್ಲ. ಗುಟ್ಟು ಹೊಟ್ಟೆಯೊಳಗೆ ಕೂತು ಕಾಲು ಕುಣಿಸುತ್ತಿತ್ತು. ಹೇಳಿಬಿಟ್ಟರೆ ಒಂದು ನಿಮಿಷದಲ್ಲಿ ಹೆಸರು ವಾಪಸ್ಸು ಬರುತ್ತದೆ. ಸತ್ತೂರಿನ ದವಾಖಾನೆಗೆ ಹೋಗಿ ಬೆಂಕಿ ಬಡಿದ ಕಣ್ಣು ತೋರಿಸಿದಾಗ ಡಾಕ್ಟರು, ಕಣ್ಣಿಗಿಂತ ನಿದ್ದೆಯ ತ್ರಾಸು ಜಾಸ್ತಿ ಐತಿ, ಮನಸ್ಸಿನ್ಯಾಗ ಏನರ ಇದ್ರ ಯಾರ ಮುಂದರ ಹೇಳಿಕೊಳ್ರಿ ಅಂದರು. ಮೈಲಾರಿ ಡಾಕ್ಟರ ಕುರ್ಚಿ ಹಿಡಿದು ಅಲುಗಾಡಿಸಿ, “ಇದರ ಬೆಸಿಗಿ ಬಿಟ್ಟೈತ್ರಿ,” ಎಂದು ಹೇಳಿ ಬಂದ.

2003ರಲ್ಲಿ ಟಿವಿಯಲ್ಲಿ ಒಂದು ಘಟನೆ ನಡೆಯಿತು. ಬಿಗ್ ಶೋ ಎಂಬ ಐನೂರು ಪೌಂಡಿನ ದೇಹವನ್ನು (ರೇಣವ್ವನ ಲೆಕ್ಕದಲ್ಲಿ ಐವತ್ತೈದು ರೊಟ್ಟಿ) ಎದುರಾಳಿ ಮೂಲೆಯ ಕಂಬದ ಮೇಲಿನಿಂದ ಎತ್ತಿ ಒಗೆದ. ರಿಂಗು ಪೂರಾ ಕುಸಿದು ನೆಲಕ್ಕೆ ಕೂತಿತು. ಮರುದಿನ ಊರ ಚಹಾದಂಗಡಿಗಳಲ್ಲಿ ಬೇರೆ ಮಾತಿಲ್ಲ. ಅದೇ ವರ್ಷ ಮಳೆ ಮುಗಿದ ಮೇಲೆ ಯಂಕಣ್ಣ ಮತ್ತೆ ಕುಸ್ತಿ ಇಟ್ಟ. ಅದೇ ಟೆಕ್ಸಾಸ್ ಟೈಟನ್. ಪೋಸ್ಟರಿನಲ್ಲಿ ಈಗ 600 ಪೌಂಡ್. ಯಂಕಣ್ಣ ಅಂಜಿದ್ದ.

“ಅಲುಗಾಡೂ ರಿಂಗ್ ಬ್ಯಾಡ್ರಿ ಈ ಸಲ,” ಎಂದು ಹೇಳಿ ಕೆಲಸವನ್ನು ಗುರುಶಿದ್ದಪ್ಪನಿಗೆ ಕೊಟ್ಟ.

ಎದುರಿನ ಶೆಡ್ಡಿನಲ್ಲಿ ಸೇತುವೆಯ ಚಾನೆಲ್ ಇಳಿದದ್ದನ್ನು ಮೈಲಾರಿ ನೋಡಿದ. ಮೂಲೆಗೆ ನಾಲ್ಕು ನಾಲ್ಕು ಸುತ್ತು ಬೆಸುಗೆ ಬಿದ್ದದ್ದನ್ನು ನೋಡಿದ. ಹನ್ನೆರಡು ಮಿಲಿಮೀಟರಿನ ತಗಡು ಬಂದ ದಿನ ಅವನಿಗೆ ಅನ್ನ ಸೇರಲಿಲ್ಲ. ಮಕಬೂಲಸಾಬನಿಗೆ ಈಗ ವಯಸ್ಸು ಐದು ವರ್ಷ ಹೆಚ್ಚಾಗಿದೆ, ಐದು ವರ್ಷದ ಬೀಳುವಿಕೆ ಬೆನ್ನಿನಲ್ಲಿದೆ. ಅವನು ಎಲ್ಲಿದ್ದಾನೆ, ಯಾವಾಗ ಬರುತ್ತಾನೆ, ಗೊತ್ತಿಲ್ಲ. ಯಂಕಣ್ಣನನ್ನು ಕೇಳಿದರೆ, “ಸೀದಾ ಆಟದ ಹೊತ್ತಿಗೆ ಬರತಾನ್ರಿ, ಟೆಕ್ಸಾಸದಿಂದ,” ಎಂದು ಕಣ್ಣು ಹೊಡೆದ. ಅಂದರೆ ಈ ಸಲ ಮುಂಚೆ ಬಿದ್ದು ನೋಡುವವರು ಯಾರೂ ಇಲ್ಲ. ಗುರುಶಿದ್ದಪ್ಪನಿಗೆ ಹೇಳಬೇಕು. ಹೇಳಿದರೆ ಮಾತು ಮುರಿಯುತ್ತದೆ. ಹೇಳದಿದ್ದರೆ ಬೆನ್ನು ಮುರಿಯುತ್ತದೆ.

ಆಟದ ಮುಂಚಿನ ದಿನ ಬೆಳಗ್ಗೆ ಅವನು ಮನೆಯಲ್ಲಿ ಅಂಗಳ ಸವೆಸುತ್ತಿದ್ದಾಗ ರೇಣವ್ವ ಒಂದು ದೊಡ್ಡ ಗಂಟು ತಂದು ಅವನ ಕೈಯಲ್ಲಿಟ್ಟಳು. ಬಿಸಿ ಇತ್ತು.

“ಏನಿದು?”

“ಇಪ್ಪತ್ತೆರಡು. ಕೆಲಸದವರು ಬರತಾರಲಾ,” ಅಂದು ಒಳಗೆ ಹೋದಳು.

ಮೈಲಾರಿ ಗಂಟು ಹಿಡಿದು ಸೀದಾ ಗುರುಶಿದ್ದಪ್ಪನ ಶೆಡ್ಡಿಗೆ ನಡೆದ. ಇಪ್ಪತ್ತೈದು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ರಿಂಗಿನ ಸುತ್ತ ತಿರುಗಿ ನೋಡಿದ, ಬೆಸುಗೆಯ ಮೇಲೆ ಬೆರಳಾಡಿಸಿದ.

“ಪಕ್ಕಾ ಕೆಲಸ,” ಅಂದ.

“ಯಾಕ, ಹೊಟ್ಟ್ಯಾಗ ಉರಿ ಬಿತ್ತೇನು?” ಗುರುಶಿದ್ದಪ್ಪ ಮೀಸೆಯಲ್ಲೇ ನಕ್ಕ. “ಕೂದಲಾ ಅಲುಗಾಡೂದಿಲ್ಲ.”

“ಹೌದ್ಹೌದು. ಹತ್ತಿ ಒಮ್ಮೆ ಬೀಳು, ನೋಡೋಣು.”

“ನಾ ಯಾಕ ಬೀಳ್ಲಿ?”

“ಅಂಜತಿ. ತಾ ಮಾಡಿದ್ದರ ಮ್ಯಾಲೆ ತಾನಽ ಬೀಳಾಕ ಅಂಜೂ ವೆಲ್ಡರನ್ನ ಇವತ್ತ ನೋಡಿದೆ. ಹೋಗಿ ಚಹಾದಂಗಡ್ಯಾಗ ಹೇಳತೇನಿ.”

“ಏ, ನಿಂದರ!” ಗುರುಶಿದ್ದಪ್ಪ ಲುಂಗಿ ಕಟ್ಟಿಕೊಂಡು ಹತ್ತಿದ. ತೂಕ ಎಂಬತ್ತು ಕಿಲೋದ ಮೇಲೆ ಇರಲಿಲ್ಲ. ಕೈ ಅಗಲಿಸಿ ಬೆನ್ನ ಮೇಲೆ ಬಿದ್ದ.

ಧಪ್.

ಅವನ ಬಾಯಿಂದ ಗಾಳಿಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಸೂರಿನ ತಗಡು ನೋಡುತ್ತ ಮಲಗಿದ. ಉಸಿರು ತಿರುಗಿ ಬಂದ ಮೇಲೆ ತುಟಿ ಅಲುಗಿದವು.

“ಎಪ್ಪಾ… ನಾ ಎಂಬತ್ತು ಕಿಲೋ. ಆ ಮಗಾ…” ತಲೆ ಮೆಲ್ಲಗೆ ಮೈಲಾರಿಯ ಕಡೆ ತಿರುಗಿತು. ಐದು ವರ್ಷದ ಹಿಂದಿನ ಢಂ ಶಬ್ದ ಅವನ ಕಣ್ಣಿನಲ್ಲಿ ಹಾದುಹೋದದ್ದು ಕಾಣಿಸಿತು. “ಅದಕ್ಕಽ ಏನೋ ನೀನು…”

“ನಾ ಏನೂ ಹೇಳಿಲ್ಲ,” ಅಂದ ಮೈಲಾರಿ ಗಡಬಡಿಸಿ. “ನೀನಽ ಬಿದ್ದಿ, ನಿನಗಽ ತಿಳೀತು. ನಂದೇನ ಸಂಬಂಧಿಲ್ಲ. ಏಳು, ಗ್ಯಾಸ್ ಕಟರ್ ಎಲ್ಲೈತಿ? ನನ್ನ ಶೆಡ್ಡಿನ್ಯಾಗ ಎಂಟು ಪಾಟಾ ಬಿದ್ದಾವು.”

ಇಬ್ಬರೂ ಸೇರಿ ಸಂಜೆಯೊಳಗೆ ಬಿಚ್ಚಿ ಕೂಡಿಸಿದರು. ಬಿದ್ದು ಶ್ರುತಿ ನೋಡುವ ಕೆಲಸ ಗುರುಶಿದ್ದಪ್ಪನದಾಯಿತು. ಹದಿನಾಲ್ಕು ಸಲ ಬಿದ್ದ. ನಡುವೆ ರೊಟ್ಟಿಯ ಗಂಟು ಬಿಚ್ಚಿದಾಗ ಕೆಳಗೆ ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ. ಆರು ಅವರಿಗೆ, ಹದಿನಾರು ಎತ್ತಿಟ್ಟರು. ಮರುದಿನ ಟೆಕ್ಸಾಸಿನಿಂದ ಬಂದವನಿಗೆ ಅವು ಮುಟ್ಟಿದವು. ಅವನು ಮುಖವಾಡದೊಳಗಿನಿಂದಲೇ ಮೈಲಾರಿಗೆ ಕೈ ಮುಗಿದ. ರಿಂಗನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿದ ಮೇಲೆ ಅವನ ಹೆಗಲು ಸಡಿಲಾದವು.

ಆಟ ಶುರುವಾಯಿತು. ಟೈಟನ್ ಬಿದ್ದ. ರಿಂಗು ‘ಢಂ!’ ಎಂದು ಹುಬ್ಬಳ್ಳಿ ಕೇಳುವ ಹಾಗೆ ಒದರಿತು, ಧಾರವಾಡದ ಮಾಳಮಡ್ಡಿಯಲ್ಲಿ ಯಾರದೋ ಮನೆಯ ಕಪಾಟಿನಿಂದ ಚಹಾದ ಕಪ್ಪು-ಬಸಿ ಉರುಳಿದವು. ತಾರಿಹಾಳದ ಮಂದಿ ಎದ್ದು ನಿಂತರು.

“ಏ ಗುರುಶಿದ್ದಪ್ಪಾ! ನಿಂದೂ ಅಲುಗಾಡಾಕತ್ತೈತೋ! ತಾರಿಹಾಳದಾಗ ಒಬ್ಬ ವೆಲ್ಡರ್ ಇಲ್ಲಲೋ!”

ಗುರುಶಿದ್ದಪ್ಪನ ಕಿವಿ ಕೆಂಪಾದವು. ಅವನು ಎದ್ದು ನಿಲ್ಲಲು ಹೊರಟ, ಬಾಯಿ ಅರ್ಧ ತೆರೆದಿತ್ತು. ಪಕ್ಕದಲ್ಲಿ ಅವತ್ತು ಕೂತೇ ಇದ್ದ ಮೈಲಾರಿ ಅವನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದ.

“ಎಣಸು,” ಅಂದ. “ಬಿದ್ದದ್ದು ಬ್ಯಾಡ. ಎದ್ದದ್ದು.”

ಗುರುಶಿದ್ದಪ್ಪ ಬೆರಳು ಮಡಚಿದ. ಒಂದು. ಎರಡು. ಮೂರು. ಅವನ ಕಾಲೂ ಈಗ ಕುಣಿಯತೊಡಗಿತ್ತು, ಮೈಲಾರಿಯದಂತೂ ಹುಟ್ಟಿನಿಂದಲೂ. ಸುತ್ತ ಮಂದಿ ಕೂಗುತ್ತಿದ್ದರು, ರಿಂಗು ತೂಗುತ್ತಿತ್ತು. ಅವರು ಕೂತ ಬೆಂಚು ಮಾತ್ರ ಅಲುಗಾಡಲಿಲ್ಲ. ಅದನ್ನು ಮಾಡಿದವನು ಮೈಲಾರಿ.